ಚೆಲ್ಲೊ ವಾದಕನ ಕಿವಿ, ನಮ್ಮ ಹಾರ್ಮೋನಿಯಂ

(ಶಿರಸಿಯಲ್ಲಿ ಸಂಗೀತಾಸಕ್ತರ ಕೂಟವೊಂದರಲ್ಲಿ, ಗಾಯನ ಕಛೇರಿಗೆ ಮುನ್ನ ನೀಡಿದ ಉಪನ್ಯಾಸದ ಬರಹರೂಪ)



ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಹಿಂದೂಸ್ತಾನಿ ಗಾಯನ ಎಲ್ಲಿ ನಡೆದರೂ ಗಾಯಕರ ಮಗ್ಗುಲಲ್ಲಿ ಹಾರ್ಮೋನಿಯಂ ಇರುತ್ತದೆ. ದೇವಸ್ಥಾನದ ಭಜನೆಗೆ ಅದು ಬೇಕು, ನಾಟಕಕ್ಕೆ ಬೇಕು, ಶಾಲೆಯ ವಾರ್ಷಿಕೋತ್ಸವಕ್ಕೂ ಬೇಕು. ಹಿಂದೆ ಪುಂಗಿಯ ಶ್ರುತಿಗೆ ಹಾಡುತ್ತಿದ್ದ ಯಕ್ಷಗಾನದ ಭಾಗವತರಿಗೂ ಆಮೇಲೆ ಹಾರ್ಮೋನಿಯಂ ಪೆಟ್ಟಿಗೆಯೇ ಶ್ರುತಿಯಾಯಿತು. ಹೀಗೆ ಮನೆಮಾತಾದ ಈ ವಾದ್ಯಕ್ಕೆ ಒಂದು ಕಾಲದಲ್ಲಿ ಆಕಾಶವಾಣಿಯ ಬಾಗಿಲು ಮುಚ್ಚಿತ್ತು. 1940ರ ಮಾರ್ಚ್‌ನಲ್ಲಿ ಹಾಕಿದ ಅಗಳಿ ತೆರೆದದ್ದು 1971ರಲ್ಲಿ. ಮೂವತ್ತೊಂದು ವರ್ಷ ರೇಡಿಯೊದಲ್ಲಿ ಹಾಡಿದವರಾರಿಗೂ ಹಾರ್ಮೋನಿಯಂ ಸಾಥಿ ಇರಲಿಲ್ಲ. ತೆರೆದ ಮೇಲೂ ಅದು ಅರೆತೆರೆದ ಬಾಗಿಲೇ. ಹಾಡಿಗೆ ಸಾಥ್ ಕೊಡಬಹುದಿತ್ತು. ತನಿಯಾಗಿ ನುಡಿಸಲು ಬಹುಕಾಲ ಕಾಯಬೇಕಾಯಿತು.

ಈ ನಿಷೇಧವನ್ನು ಬಯಸಿದವರು ಹಲವರು. ರವೀಂದ್ರನಾಥ ಠಾಕೂರರಿಗೆ ಹಾರ್ಮೋನಿಯಂ ಆಗುತ್ತಿರಲಿಲ್ಲ. ಕಲಾವಿಮರ್ಶಕ ಆನಂದ ಕುಮಾರಸ್ವಾಮಿ ಅದಕ್ಕೆ ಬಹಳ ಹಿಂದೆಯೇ ಛೀಮಾರಿ ಹಾಕಿದ್ದರು. ಆದರೆ ರೇಡಿಯೊದ ಒಳಗೇ ಕುಳಿತು ಅದರ ವಿರುದ್ಧ ಬರೆದವನೊಬ್ಬನಿದ್ದ. ಆತ ಹಿಂದೂಸ್ತಾನಿ ಉಸ್ತಾದನಲ್ಲ, ಬಂಗಾಳದ ಕವಿಯೂ ಅಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಹುಟ್ಟಿ, ಅಲ್ಲಿನ ಹೆಸರಾಂತ ವಾದ್ಯವೃಂದದಲ್ಲಿ ಚೆಲ್ಲೊ ನುಡಿಸಿ ಬದುಕಿದವನು. ಹೆಸರು ಜಾನ್ ಫೌಲ್ಡ್ಸ್. ಭಾರತದ ಸ್ವರಗಳ ಬಗ್ಗೆ ಅಷ್ಟು ದೂರದ ಚೆಲ್ಲೊ ವಾದಕನಿಗೆ ಇಷ್ಟೊಂದು ಕಾಳಜಿ ಯಾಕೆ ಎಂಬ ಪ್ರಶ್ನೆಗೆ ಉತ್ತರ ಅವನ ಜೀವನದಲ್ಲೂ ಇದೆ, ಅವನ ವಾದ್ಯದಲ್ಲೂ ಇದೆ.

ವಾದ್ಯದಿಂದಲೇ ಶುರುಮಾಡೋಣ. ಚೆಲ್ಲೊ ಎಂದರೆ ಪಿಟೀಲಿನ ದೊಡ್ಡಣ್ಣ. ಎತ್ತರ ಸುಮಾರು ನಾಲ್ಕು ಅಡಿ. ಕುರ್ಚಿಯ ಮೇಲೆ ಕುಳಿತು ಎರಡು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕಮಾನಿನಿಂದ ನುಡಿಸುತ್ತಾರೆ. ತಂತಿ ನಾಲ್ಕು. ಪಿಟೀಲಿನದು ಹೆಂಗಸಿನ ದನಿಗೆ ಹತ್ತಿರವಾದರೆ ಚೆಲ್ಲೊದ್ದು ಗಂಡಸಿನ ದನಿಗೆ ಹತ್ತಿರ: ಮಂದ್ರದಲ್ಲಿ ಗಂಭೀರ, ಮೇಲೆ ಹೋದಂತೆ ಕರುಳು ಹಿಂಡುವ ಹಾಗೆ. ಚೆಲ್ಲೊ ಕೇಳಿಯೇ ಇಲ್ಲ ಎನ್ನುವವರೂ ಅದನ್ನು ಕೇಳಿದ್ದಾರೆ. ಮದರಾಸಿನಲ್ಲಿ ಧ್ವನಿಮುದ್ರಣವಾಗುತ್ತಿದ್ದ ಕಾಲದ ಕನ್ನಡ ಚಿತ್ರಗೀತೆಗಳಲ್ಲಿ, ಪಿಟೀಲುಗಳ ಗುಂಪಿನ ಕೆಳಗೆ ನೆಲದಂತೆ ಹಾಸಿಕೊಂಡಿರುವ ದಪ್ಪ ದನಿ ಅದೇ.

ಇದರ ಬೆರಳುಹಲಗೆಯ ಮೇಲೆ ಸಿತಾರಿನಂತೆ, ವೀಣೆಯಂತೆ ಮೆಟ್ಟಿಲುಗಳಿಲ್ಲ. ಸ್ವರ ಎಲ್ಲಿದೆ ಎಂದು ಯಾರೂ ಗುರುತು ಹಾಕಿಟ್ಟಿಲ್ಲ. ಬೆರಳು ಕೂದಲೆಳೆಯಷ್ಟು ಜರುಗಿದರೂ ಸ್ವರ ಜರುಗುತ್ತದೆ. ಚೆಲ್ಲೊದ ತಂತಿ ಉದ್ದ. ಕಂಪಿಸುವ ಭಾಗವೇ ಸುಮಾರು 69 ಸೆಂಟಿಮೀಟರ್. ಖಾಲಿ ತಂತಿಯನ್ನು ಷಡ್ಜವೆಂದುಕೊಂಡರೆ ಪಂಚಮ ಸಿಗುವುದು ಮೂರನೆಯ ಒಂದು ಭಾಗ ಕೆಳಗೆ, ಅಂದರೆ 23 ಸೆಂಟಿಮೀಟರ್ ದೂರದಲ್ಲಿ. ಪಿಟೀಲಿನಲ್ಲಿ ಇದೇ ದೂರ ಸುಮಾರು 11 ಸೆಂಟಿಮೀಟರ್. ಹಾಗಾಗಿ ಚೆಲ್ಲೊ ಕಲಿಯುವ ಹುಡುಗ ಎಳವೆಯಿಂದಲೇ ಸ್ವರವನ್ನು ಕಿವಿಯಿಂದ ಹುಡುಕಬೇಕು, ತಪ್ಪಿದರೆ ತಾನೇ ತಿದ್ದಿಕೊಳ್ಳಬೇಕು. ಎರಡು ಸ್ವರಗಳ ನಡುವೆ ಎಷ್ಟೊಂದು ಜಾಗವಿದೆ ಎಂಬುದು ಅವನ ಬೆರಳಿಗೇ ಗೊತ್ತಿರುತ್ತದೆ.

ಫೌಲ್ಡ್ಸ್ ಹುಟ್ಟಿದ್ದು 1880ರಲ್ಲಿ. ತಂದೆ ಮ್ಯಾಂಚೆಸ್ಟರಿನ ಹ್ಯಾಲೆ ವಾದ್ಯವೃಂದದಲ್ಲಿ ಊದುವಾದ್ಯ ನುಡಿಸುತ್ತಿದ್ದ. ಹುಡುಗ ಹದಿಹರೆಯದಲ್ಲೇ ಮನೆಬಿಟ್ಟು ನಾಟಕಶಾಲೆಗಳ, ಸಮುದ್ರತೀರದ ವಿಹಾರತಾಣಗಳ ಸಣ್ಣಪುಟ್ಟ ವಾದ್ಯತಂಡಗಳಲ್ಲಿ ನುಡಿಸಿ ಹೊಟ್ಟೆ ಹೊರೆದ. 1900ರಲ್ಲಿ ಹ್ಯಾಲೆ ವೃಂದ ಅವನನ್ನು ಚೆಲ್ಲೊ ಪಂಕ್ತಿಗೆ ಸೇರಿಸಿಕೊಂಡಿತು. ಆಗ ಅದರ ನಾಯಕ ಹ್ಯಾನ್ಸ್ ರಿಕ್ಟರ್. ಜರ್ಮನಿಯ ವಾಗ್ನರನ ಜೊತೆ ಕೆಲಸ ಮಾಡಿದ ಹಿರಿಯ. ಸಂಗೀತ ರಚನೆಯನ್ನು ಫೌಲ್ಡ್ಸ್ ಬಹುಮಟ್ಟಿಗೆ ತಾನೇ ಕಲಿತ. ಪಿಯಾನೊದ ಎರಡು ಕೀಲಿಗಳ ನಡುವೆ ಬೀಳುವ ಕಾಲು ಸ್ವರಗಳನ್ನು ತಾನು ಹದಿನೆಂಟರ ಹರೆಯದಲ್ಲೇ ಬಳಸಿದ್ದೆ ಎಂದು ಆಮೇಲೆ ಹೇಳಿಕೊಂಡಿದ್ದಾನೆ. ಚೆಲ್ಲೊಗಾಗಿ ಒಂದು ಸೊನಾಟ ಬರೆದ, ಒಂದು ಕಂಚೆರ್ಟೊ ಬರೆದ. ಅವನಿಗೆ ಹಣ ತಂದುಕೊಟ್ಟದ್ದು ಮಾತ್ರ ಲಘು ಸಂಗೀತ. ‘ಕೆಲ್ಟಿಕ್ ಲಮೆಂಟ್’ ಎಂಬ, ಚೆಲ್ಲೊ ಮುಂದಾಗಿ ನುಡಿಯುವ ಸಣ್ಣ ಶೋಕಗೀತೆ ಎಷ್ಟು ಜನಪ್ರಿಯವಾಯಿತೆಂದರೆ ಗಂಭೀರ ರಚನೆಗಳನ್ನು ಮುಂದಿಟ್ಟಾಗಲೆಲ್ಲ ಜನ ಅದನ್ನೇ ಕೇಳಿದರು. ಜನಪ್ರಿಯತೆಯ ಈ ಕಾಟ ನಮ್ಮ ಕಲಾವಿದರಿಗೂ ಹೊಸದಲ್ಲವಲ್ಲ.

ಅವನ ದಿಕ್ಕು ಬದಲಿಸಿದವಳು ಮಾಡ್ ಮೆಕಾರ್ಥಿ. ಐರ್ಲೆಂಡ್ ಮೂಲದ ಈಕೆ ಬಾಲ್ಯದಲ್ಲೇ ಪಿಟೀಲಿನ ಪ್ರತಿಭೆ ಎನಿಸಿಕೊಂಡವಳು. ಕೈನೋವಿನಿಂದ ವೃತ್ತಿ ಬಿಡಬೇಕಾಯಿತು. ಥಿಯಾಸಫಿಯ ಸೆಳೆತದಿಂದ ಆನಿ ಬೆಸೆಂಟರ ಬಳಗ ಸೇರಿ 1907ರ ಹೊತ್ತಿಗೆ ಭಾರತಕ್ಕೆ ಬಂದಳು. ಸುಮಾರು ಎರಡು ವರ್ಷ ಇಲ್ಲಿ ತಿರುಗಿ ಹಾಡು ಕಲಿತಳು, ಶ್ರುತಿಗಳ ಲೆಕ್ಕ ಕೇಳಿದಳು. ಇಂಗ್ಲೆಂಡಿಗೆ ಮರಳಿದ ಮೇಲೆ ವಿದ್ವತ್ ಸಭೆಗಳಲ್ಲಿ ಭಾರತೀಯ ಸಂಗೀತದ ಮೇಲೆ ಉಪನ್ಯಾಸ ಕೊಡುತ್ತ, ಉದಾಹರಣೆಗಳನ್ನು ತಾನೇ ಹಾಡಿ ತೋರಿಸುತ್ತಿದ್ದಳು. ಬಾಯಿಮಾತಿನಲ್ಲಿ 22 ಶ್ರುತಿ ಎನ್ನುವುದು ಸುಲಭ. ಲಂಡನ್ನಿನ ಪಂಡಿತರೆದುರು ನಿಂತು ಅವನ್ನು ಹಾಡಿ ತೋರಿಸಲು ಎದೆಗಾರಿಕೆ ಬೇಕು. ಫೌಲ್ಡ್ಸ್ ಮತ್ತು ಮಾಡ್ 1915ರಲ್ಲಿ ಭೇಟಿಯಾದರು, ಆಮೇಲೆ ಗಂಡಹೆಂಡಿರಾದರು. ಅವಳ ಮೂಲಕ ದಕ್ಷಿಣಾದಿಯ 72 ಮೇಳಕರ್ತ ರಾಗಗಳ ಕೋಷ್ಟಕ ಫೌಲ್ಡ್ಸ್‌ನ ಕೈಗೆ ಬಂತು. ಆ ಸ್ವರಶ್ರೇಣಿಗಳ ಮೇಲೆ ಪಿಯಾನೊ ರಚನೆಗಳನ್ನೇ ಬರೆದ. ಒಮ್ಮೆ ಒಂದು ಮೇಳ ಹಿಡಿದರೆ ಹೊರಗಿನ ಸ್ವರವೊಂದನ್ನೂ ಮುಟ್ಟಬಾರದು ಎಂಬ ಶಿಸ್ತು ತಾನೇ ಹಾಕಿಕೊಂಡ. ನಮ್ಮಲ್ಲಿ ಅದು ಮೊದಲ ಪಾಠ, ಯುರೋಪಿಗೆ ಹೊಸ ವಿಚಾರ.

ಮೊದಲ ಮಹಾಯುದ್ಧದಲ್ಲಿ ಮಡಿದವರಿಗಾಗಿ ಫೌಲ್ಡ್ಸ್ ‘ಎ ವರ್ಲ್ಡ್ ರಿಕ್ವಿಯಂ’ ಎಂಬ ಭಾರೀ ರಚನೆ ಮಾಡಿದ. 1923ರ ನವೆಂಬರ್ 11ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಸುಮಾರು 1,200 ಜನ ಹಾಡಿ ನುಡಿಸಿದರು. ನಾಲ್ಕು ವರ್ಷ ಅದೇ ದಿನ ಪುನರಾವರ್ತನೆಯಾಯಿತು. ಜನ ಕಣ್ಣೀರಿಟ್ಟರು, ವಿಮರ್ಶಕರು ಮೂಗುಮುರಿದರು. 1926ರ ನಂತರ ಅದನ್ನು ನಿಲ್ಲಿಸಲಾಯಿತು. ಬೇಸತ್ತ ಆತ ಪ್ಯಾರಿಸ್ಸಿಗೆ ಹೋಗಿ ಮೂಕಿ ಚಿತ್ರಗಳಿಗೆ ಪಿಯಾನೊ ನುಡಿಸಿದ. ಮರಳಿ ಬಂದ ಮೇಲೆ 1934ರಲ್ಲಿ ಸಮಕಾಲೀನ ಸಂಗೀತದ ಮೇಲೆ ಪುಸ್ತಕವೊಂದನ್ನು ಬರೆದ. ಮರುವರ್ಷ ಸಂಸಾರ ಸಮೇತ ಭಾರತಕ್ಕೆ ಹಡಗು ಹತ್ತಿದ. ಆಗ ವಯಸ್ಸು ಐವತ್ತು ದಾಟಿತ್ತು. ಯುರೋಪಿನಲ್ಲಿ ಸೋತು ಬಂದವನೇ, ಪೂರ್ವದ ಸೆಳೆತಕ್ಕೆ ಬಂದವನೇ ಎಂದು ಬಿಡಿಸಿ ಹೇಳುವುದು ಕಷ್ಟ, ಎರಡೂ ಇದ್ದಿರಬೇಕು.

ಉತ್ತರ ಭಾರತದಲ್ಲಿ ಜನಪದ ಹಾಡುಗಳನ್ನು ಸಂಗ್ರಹಿಸುತ್ತ ಓಡಾಡಿದ ಫೌಲ್ಡ್ಸ್‌ಗೆ 1937ರಲ್ಲಿ ದೆಹಲಿಯ ಆಲ್ ಇಂಡಿಯಾ ರೇಡಿಯೊದಲ್ಲಿ ಪಾಶ್ಚಾತ್ಯ ಸಂಗೀತ ವಿಭಾಗದ ಹೊಣೆ ಸಿಕ್ಕಿತು. ರೇಡಿಯೊದ ಮುಖ್ಯಸ್ಥ ಲಯನೆಲ್ ಫೀಲ್ಡೆನ್, ಬಿಬಿಸಿಯಿಂದ ಬಂದವನು. ತನ್ನ ವಿಭಾಗದ ಗೋಡೆಯೊಳಗೆ ಕೂರುವ ಜಾಯಮಾನ ಫೌಲ್ಡ್ಸ್‌ನದಲ್ಲ. ಸಿತಾರು, ಸಾರಂಗಿ, ಕೊಳಲು, ತಬಲಾ ನುಡಿಸುವ ಕಲಾವಿದರನ್ನು ಸೇರಿಸಿ ವಾದ್ಯವೃಂದ ಕಟ್ಟಿದ. ಬಾಯಿಪಾಠದಿಂದ ಕಲಿತ ಅವರಿಗೆ ಪಾಶ್ಚಾತ್ಯ ಸ್ವರಲಿಪಿ ಓದುವುದನ್ನು ಕಲಿಸಿದ. ಪೂರ್ವ ಪಶ್ಚಿಮಗಳನ್ನು ಒಂದೇ ಸಿಂಫನಿಯಲ್ಲಿ ಕೂಡಿಸುವ ಕನಸು ಅವನದು. ಅದಕ್ಕಾಗಿ ಬರೆದ ಸಂಗೀತದಲ್ಲಿ ಬಹುಪಾಲು ಕಳೆದುಹೋಗಿದೆ.

ಈ ಹೊತ್ತಿನಲ್ಲೇ, 1938ರಲ್ಲಿ, ರೇಡಿಯೊದ ಪತ್ರಿಕೆಯಲ್ಲಿ ಅವನ ಲೇಖನ ಬಂತು. ಶೀರ್ಷಿಕೆಯಲ್ಲೇ ಚೇಷ್ಟೆ: ‘ಹಾರ್ಮ್-ಓಮ್ನಿಯಂ’. ಹಾರ್ಮ್ ಎಂದರೆ ಇಂಗ್ಲಿಷಿನಲ್ಲಿ ಹಾನಿ, ಓಮ್ನಿಯಂ ಎಂದರೆ ಲ್ಯಾಟಿನ್ನಿನಲ್ಲಿ ‘ಎಲ್ಲರ’. ಎಲ್ಲಕ್ಕೂ ಹಾನಿ ಮಾಡುವ ಪೆಟ್ಟಿಗೆ ಎಂದರ್ಥ.

ಅವನ ಆಕ್ಷೇಪಣೆಯ ತಿರುಳು ಬರಿಯ ದ್ವೇಷವಲ್ಲ, ಅದಕ್ಕೆ ಲೆಕ್ಕವಿದೆ. ತಂಬೂರಿಯನ್ನು ಚೆನ್ನಾಗಿ ಶ್ರುತಿ ಮಾಡಿ ಮೀಟಿದರೆ ಯಾರೂ ನುಡಿಸದ ಗಾಂಧಾರವೊಂದು ತಾನಾಗಿ ಕೇಳಿಬರುತ್ತದೆ. ನಮ್ಮವರು ಅದನ್ನು ಸ್ವಯಂಭೂ ಗಾಂಧಾರ ಎಂದರು. ಒಳ್ಳೆಯ ಗಾಯಕ ತನ್ನ ಗಾಂಧಾರವನ್ನು ಅದಕ್ಕೆ ಕೂಡಿಸುತ್ತಾನೆ. ಹಾರ್ಮೋನಿಯಮ್ಮಿನಲ್ಲಿ ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿರುತ್ತಾರೆ, ಯಾವ ಕೀಲಿಯಿಂದಲೂ ಹಾಡು ಎತ್ತಲು ಅನುಕೂಲವಾಗಲಿ ಎಂದು. ಇದರಿಂದ ಅದರ ಗಾಂಧಾರ ತಂಬೂರಿಯ ಗಾಂಧಾರಕ್ಕಿಂತ ಚೂರು ಮೇಲೆ ಕೂತಿರುತ್ತದೆ. ಒಂದು ಅರ್ಧಸ್ವರದ ಅಂತರವನ್ನು 100 ಪಾಲು ಮಾಡಿದರೆ ಈ ವ್ಯತ್ಯಾಸ ಸುಮಾರು 14 ಪಾಲು. ಕೇಳುವ ಅಭ್ಯಾಸವಿದ್ದ ಕಿವಿಗೆ ಅದು ಹಲ್ಲಿನ ಸಂದಿಯ ಕಲ್ಲಿನಂತೆ ಚುಚ್ಚುತ್ತದೆ. ಎರಡನೆಯದು ಇನ್ನೂ ದೊಡ್ಡ ದೋಷ. ಹಾರ್ಮೋನಿಯಮ್ಮಿನಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಿಗಿಯಬಹುದೇ ಹೊರತು ಜಾರಲಾಗದು. ದರ್ಬಾರಿ ಕಾನಡಾ ರಾಗದ ಕೋಮಲ ಗಾಂಧಾರ ನಿಂತ ನೀರಲ್ಲ. ತೂಗುತ್ತ, ಕೆಳಕ್ಕೆ ವಾಲುತ್ತ ಇರುವಂಥದು. ಹಾರ್ಮೋನಿಯಮ್ಮಿಗೆ ಅದನ್ನು ತೂಗಲು ಬರುವುದಿಲ್ಲ. ಕೀಲಿ ಒತ್ತಿದರೆ ಸ್ವರ, ಬಿಟ್ಟರೆ ಮೌನ.

ಮೆಟ್ಟಿಲಿಲ್ಲದ ತಂತಿಯ ಮೇಲೆ ಆಯುಷ್ಯ ಕಳೆದವನಿಗೆ ಇದು ತಟ್ಟನೆ ಕೇಳಿಸಿದ್ದು ಸಹಜ. ವಿಚಿತ್ರವೆಂದರೆ ಹಾರ್ಮೋನಿಯಂ ಅವನ ಖಂಡದಿಂದಲೇ ಬಂದದ್ದು. 1840ರ ದಶಕದ ಪ್ಯಾರಿಸ್ಸಿನಲ್ಲಿ ಅಲೆಕ್ಸಾಂಡರ್ ದೆಬೇನ್ ಅದಕ್ಕೆ ಹಕ್ಕುಪತ್ರ ಪಡೆದಿದ್ದ. ಕಾಲಿನಿಂದ ತಿದಿಯೊತ್ತುವ ಆ ದೊಡ್ಡ ಪೆಟ್ಟಿಗೆಯನ್ನು ನೆಲದ ಮೇಲಿಟ್ಟು ಎಡಗೈಯಲ್ಲಿ ತಿದಿಯೊತ್ತುವಂತೆ ಬದಲಿಸಿದ್ದು ಕಲ್ಕತ್ತದ ದ್ವಾರಕಾನಾಥ ಘೋಷ್, 19ನೇ ಶತಮಾನದ ಕೊನೆಯ ಭಾಗದಲ್ಲಿ. ಹೀಗೆ ಯುರೋಪಿನ ವಾದ್ಯವನ್ನು ಭಾರತೀಯರು ತಮ್ಮದಾಗಿಸಿಕೊಂಡರೆ, ಅದು ಭಾರತದ ಸಂಗೀತಕ್ಕೆ ಒಗ್ಗದು ಎಂದು ಯುರೋಪಿನ ಚೆಲ್ಲೊ ವಾದಕ ಎಚ್ಚರಿಸಿದ.

ನಿಷೇಧವನ್ನು ನೋಡಲು ಫೌಲ್ಡ್ಸ್ ಬದುಕಿರಲಿಲ್ಲ. 1939ರ ಏಪ್ರಿಲ್‌ನಲ್ಲಿ ಕಲ್ಕತ್ತಕ್ಕೆ ವರ್ಗವಾಗಿ ಹೋದ ಕೆಲವೇ ದಿನಗಳಲ್ಲಿ ಕಾಲರಾ ಬಂದು ತೀರಿಕೊಂಡ. ಮುಂದೆ ಅರ್ಧ ಶತಮಾನ ಅವನ ಸ್ವಂತ ದೇಶವೂ ಅವನನ್ನು ಮರೆತೇಬಿಟ್ಟಿತು. ಆಲ್ಬರ್ಟ್ ಹಾಲ್‌ನಲ್ಲಿ ಅವನ ರಿಕ್ವಿಯಂ ಮತ್ತೆ ಕೇಳಿಬಂದದ್ದು 2007ರ ನವೆಂಬರ್ 11ರಂದು, 81 ವರ್ಷಗಳ ನಂತರ.

ಅವನು ಸತ್ತ ವರ್ಷದೊಳಗೆ ರೇಡಿಯೊ ಹಾರ್ಮೋನಿಯಮ್ಮನ್ನು ಹೊರಹಾಕಿತು. ಬ್ರಿಟಿಷರು ಹೋದರು, ನಿಷೇಧ ಉಳಿಯಿತು. 1950ರಲ್ಲಿ ಧಾರವಾಡ ಆಕಾಶವಾಣಿ ಕೇಂದ್ರ ಆರಂಭವಾದಾಗಲೂ ಅದೇ ನಿಯಮ. ನಮ್ಮ ಘಟ್ಟದ ಮೇಲಿನ ಊರುಗಳಿಗೆ ಖಯಾಲ್ ಸಂಗೀತ ಹರಿದುಬಂದದ್ದು ಧಾರವಾಡದಿಂದ, ಬಹುಮಟ್ಟಿಗೆ ರೇಡಿಯೊದ ಮೂಲಕ. ಅಡಿಕೆ ಸುಲಿಯುತ್ತ ರೇಡಿಯೊ ಕೇಳಿದ ತಲೆಮಾರು ಮಲ್ಲಿಕಾರ್ಜುನ ಮನ್ಸೂರರನ್ನೂ ಬಸವರಾಜ ರಾಜಗುರುಗಳನ್ನೂ ಆಕಾಶವಾಣಿಯಲ್ಲಿ ಕೇಳಿದ್ದು ಹಾರ್ಮೋನಿಯಂ ಇಲ್ಲದೆ. ಯಲ್ಲಾಪುರ ಸೀಮೆಯ ಹಾಸಣಗಿಯಿಂದ ಹೋಗಿ ರಾಜಗುರುಗಳ ಶಿಷ್ಯರಾದ ಪಂಡಿತ ಗಣಪತಿ ಭಟ್ಟರಂಥವರು ಬೆಳೆದದ್ದು ಈ ವಾತಾವರಣದಲ್ಲಿ. ಕಛೇರಿಯ ವೇದಿಕೆಯಲ್ಲಾದರೋ ಅದೇ ಗಾಯಕರ ಪಕ್ಕ ಹಾರ್ಮೋನಿಯಂ ನಿರಾತಂಕವಾಗಿ ನುಡಿಯುತ್ತಿತ್ತು. ಒಂದೇ ಸಂಗೀತಕ್ಕೆ ಎರಡು ಕಾನೂನು.

ಪೆಟ್ಟು ಬಿದ್ದದ್ದು ಯಾರಿಗೆ? ಬೆಳಗಾವಿಯ ಆರ್.ಕೆ. ಬಿಜಾಪುರೆಯವರಂಥವರಿಗೆ (1917-2010). ದೇಶದ ದೊಡ್ಡ ದೊಡ್ಡ ಗಾಯಕರಿಗೆ ಸಾಥ್ ಕೊಟ್ಟ ಕೈ ಅದು. ಆದರೆ ನಾಡಿನ ಮನೆಮನೆಗೆ ಸಂಗೀತ ತಲುಪಿಸುತ್ತಿದ್ದ ಸಂಸ್ಥೆಯಲ್ಲಿ ಆ ಕೈಗೆ ಜಾಗವಿರಲಿಲ್ಲ. ಆಕಾಶವಾಣಿಯ ಶ್ರೇಣಿ ಎಂದರೆ ಆ ದಿನಗಳಲ್ಲಿ ಕಲಾವಿದನ ಅಂತಸ್ತು, ಅನ್ನ ಎರಡೂ. ಹಾರ್ಮೋನಿಯಂ ವಾದಕರ ಒಂದು ಇಡೀ ತಲೆಮಾರು ಅದರಿಂದ ವಂಚಿತವಾಯಿತು. ಫೌಲ್ಡ್ಸ್‌ನ ಕಿವಿ ಸರಿಯಾಗಿತ್ತು. ಆ ಕಿವಿಯ ಮಾತನ್ನು ಕಚೇರಿಯ ಆಜ್ಞೆಯಾಗಿಸಿದ್ದು ಸರಿಯಿರಲಿಲ್ಲ. ಹಾರ್ಮೋನಿಯಮ್ಮಿನ ಮಿತಿ ಅದನ್ನು ನುಡಿಸುವವರಿಗೆ ಗೊತ್ತಿಲ್ಲದ್ದೇನಲ್ಲ. ಅದರೊಳಗೇ ಏನೇನು ಮಾಡಬಹುದು ಎಂಬುದನ್ನು ಹುಡುಕುವುದೇ ಅವರ ವಿದ್ಯೆ.

ಇಷ್ಟಕ್ಕೂ ನಮ್ಮ ಮಲೆನಾಡಿನಲ್ಲಿ ಹಾರ್ಮೋನಿಯಮ್ಮಿಗೆ ಪರ್ಯಾಯವಾದರೂ ಏನಿತ್ತು? ಖಯಾಲಿಗೆ ಹೇಳಿ ಮಾಡಿಸಿದ ಜೊತೆಗಾರ ಸಾರಂಗಿ. ಗಂಟಲು ಎಲ್ಲಿ ಹೋದರೂ ಹಿಂದೆ ಹೋಗುತ್ತದೆ. ಆದರೆ ಅದಕ್ಕೆ ಮೂವತ್ತಕ್ಕೂ ಹೆಚ್ಚು ತರಬ್ ತಂತಿಗಳು, ಅಂದರೆ ಮೀಟದೆಯೇ ಅನುರಣಿಸುವ ಒಳತಂತಿಗಳು. ಮೈಗೆ ಚರ್ಮದ ಹೊದಿಕೆ. ಆಷಾಢದ ಮಳೆಯಲ್ಲಿ ತಬಲಾದ ಚರ್ಮವನ್ನೇ ಕೆಂಡದೆದುರು ಹಿಡಿದು ಬಿಸಿಮಾಡಬೇಕಾದ ಊರಿನಲ್ಲಿ ಸಾರಂಗಿ ಶ್ರುತಿ ಹಿಡಿದು ಕೂರುವುದೇ ಅನುಮಾನ. ಹಾರ್ಮೋನಿಯಂ ಬಸ್ಸಿನ ಮೇಲೆ ಹತ್ತುತ್ತದೆ, ಭಜನೆಗೂ ಬರುತ್ತದೆ, ನಾಟಕಕ್ಕೂ ಬರುತ್ತದೆ, ಮತ್ತೆ ಮತ್ತೆ ಶ್ರುತಿ ಮಾಡು ಎಂದು ಕಾಡುವುದಿಲ್ಲ. ಕಲಿಯಲು ಗುರು ಧಾರವಾಡದಲ್ಲೇ ಇರಬೇಕಾಗಿಲ್ಲ. ದೆಹಲಿಯ ರೇಡಿಯೊ ಕಚೇರಿಯಲ್ಲಿ ಕುಳಿತವರಿಗೆ ಈ ಲೆಕ್ಕ ಕಂಡಿರಲಾರದು.

ಇನ್ನೊಬ್ಬ ಚೆಲ್ಲೊ ವಾದಕರ ಕಥೆ ಇಲ್ಲಿ ಹೇಳಬೇಕು. ಇವರು ಕನ್ನಡದ ಮನೆಗೆ ಸೊಸೆಯಾಗಿ ಬಂದವರು. ಸಾಸ್ಕಿಯಾ ರಾವ್-ದ ಹಾಸ್ ನೆದರ್ಲೆಂಡ್ಸಿನವರು. ಅಲ್ಲಿಯೇ ಬಾಲ್ಯದಿಂದ ಪಾಶ್ಚಾತ್ಯ ಶಾಸ್ತ್ರೀಯ ಪದ್ಧತಿಯ ಚೆಲ್ಲೊ ಕಲಿತವರು. ಪತಿ ಶುಭೇಂದ್ರ ರಾವ್ ಮೈಸೂರಿನಲ್ಲಿ ಹುಟ್ಟಿದ ಸಿತಾರ್ ವಾದಕರು, ಪಂಡಿತ ರವಿಶಂಕರರ ಮನೆಯಲ್ಲೇ ಇದ್ದು ಕಲಿತ ಶಿಷ್ಯರು. ಶುಭೇಂದ್ರರ ತಂದೆ ಎನ್.ಆರ್. ರಾಮರಾಯರೂ ರವಿಶಂಕರರ ಹಳೆಯ ಶಿಷ್ಯರಲ್ಲೊಬ್ಬರು. ದೆಹಲಿಯಲ್ಲಿ ನೆಲೆಸಿದ ಈ ದಂಪತಿ ಸಿತಾರ್-ಚೆಲ್ಲೊ ಜುಗಲಬಂದಿಯನ್ನು ದೇಶವಿದೇಶಗಳಲ್ಲಿ ನಡೆಸಿದ್ದಾರೆ.

ಚೆಲ್ಲೊದಲ್ಲಿ ರಾಗ ನುಡಿಸಬೇಕೆಂದು ಹೊರಟಾಗ ಸಾಸ್ಕಿಯಾರಿಗೆ ಹಾಗೆ ನುಡಿಸಿ ತೋರಿಸುವ ಗುರುವಿರಲಿಲ್ಲ. ಅಮೆರಿಕದ ನ್ಯಾನ್ಸಿ ಲೆಶ್ ಎಂಬ ಚೆಲ್ಲೊ ವಾದಕಿ ರುದ್ರವೀಣೆಯ ಝಿಯಾ ಮೊಹಿಯುದ್ದೀನ್ ಡಾಗರರಿಂದ ಧ್ರುಪದ್ ಕಲಿತು ನುಡಿಸುತ್ತಿದ್ದರು. ಆದರೆ ಧ್ರುಪದದ ನಿಧಾನ ಗತಿ ಬೇರೆ, ಖಯಾಲಿನ ತಾನುಗಳ ಓಟ ಬೇರೆ. ಸಾಸ್ಕಿಯಾ ಹೋದದ್ದು ಬೇರೆ ಬೇರೆ ವಾದ್ಯಗಳವರ ಬಳಿ. ಉಸಿರಿನ ಪಾಠ ಕೊಳಲಿನ ಹರಿಪ್ರಸಾದ್ ಚೌರಾಸಿಯಾರಿಂದ. ಕಮಾನಿನ ಪಾಠ ಪಿಟೀಲಿನ ಡಿ.ಕೆ. ದಾತಾರರಿಂದ. ಪಿಟೀಲನ್ನು ಗಂಟಲಿನಂತೆ ಹಾಡಿಸುತ್ತಿದ್ದವರೆಂದು ಹೆಸರಾದವರು ದಾತಾರರು. ಕೊನೆಗೆ ಮನೆಯೊಳಗಿನ ಸಿತಾರ್ ಇದ್ದೇ ಇತ್ತು.

ತೊಡಕು ಬಂದದ್ದು ವಾದ್ಯದ ಮೈಯಿಂದ. ಚೆಲ್ಲೊ ನಾಲ್ಕಡಿ ಎತ್ತರದ್ದು, ಕುರ್ಚಿಯ ಮೇಲೆ ಕುಳಿತವನ ಅಳತೆಗೆ ಮಾಡಿದ್ದು. ನಮ್ಮ ಕಛೇರಿಯೋ ನೆಲದ ಮೇಲಿನದು. ಇಲ್ಲಿ ಗಾಯಕ, ತಬಲಾದವನು, ತಂಬೂರಿಯವರು ಒಂದೇ ಮಟ್ಟದಲ್ಲಿ ಕುಳಿತು ಕಣ್ಣಲ್ಲೇ ಮಾತಾಡಿಕೊಳ್ಳುತ್ತಾರೆ. ಎಲ್ಲರೂ ಜಮಖಾನೆಯ ಮೇಲೆ, ಒಬ್ಬರು ಮಾತ್ರ ಕುರ್ಚಿಯ ಮೇಲೆ ಎಂದರೆ ಆ ಮಾತುಕತೆ ಮುರಿಯುತ್ತದೆ. ಜೊತೆಗೆ ಆಗಲೇ ಹೇಳಿದ 23 ಸೆಂಟಿಮೀಟರ್. ಮೀಂಡ್ ಎಳೆಯಲು ಅದು ವರ, ವೇಗದ ತಾನಿಗೆ ಶಾಪ. ಸಾಸ್ಕಿಯಾ ತಮ್ಮ ನಾಡಿನ ವಾದ್ಯತಯಾರಕರೊಬ್ಬರಿಂದ ಹೊಸ ಚೆಲ್ಲೊ ಮಾಡಿಸಿಕೊಂಡರು. ಗಾತ್ರದಲ್ಲಿ ಚಿಕ್ಕದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ನುಡಿಸುವಂಥದು. ನುಡಿಸುವ ತಂತಿ ನಾಲ್ಕರ ಬದಲು ಐದು. ಅದರೊಡನೆ ಸಾರಂಗಿಯಲ್ಲಿರುವಂಥ ಹತ್ತು ತರಬ್ ತಂತಿಗಳು. ಕಮಾನು ಒಂದು ಸ್ವರದ ಮೇಲೆ ಸರಿಯಾಗಿ ನಿಂತರೆ ಒಳತಂತಿ ತಾನೇ ಎದ್ದು ಗುಂಯ್ಗುಡುತ್ತದೆ. ಸ್ವರ ಚೂರು ತಪ್ಪಿದರೆ ಸುಮ್ಮನಿರುತ್ತದೆ. ಅಂದರೆ ವಾದ್ಯದೊಳಗೇ ಒಬ್ಬ ಪರೀಕ್ಷಕನನ್ನು ಕೂರಿಸಿಕೊಂಡಂತಾಯಿತು.

ಚೆಲ್ಲೊದ ಮೈ ಕತ್ತರಿಸಿ ಕುಲಗೆಡಿಸಿದರು ಎಂದು ಗೊಣಗುವವರು ಇರಬಹುದು. ಅವರು ಯುರೋಪಿನ ಚರಿತ್ರೆಯನ್ನೇ ನೋಡಲಿ. ಇಟಲಿಯ ಕ್ರೆಮೋನಾದಲ್ಲಿ ಪಿಟೀಲುಗಳ ಬ್ರಹ್ಮನೆನಿಸಿದ ಸ್ಟ್ರಾಡಿವಾರಿ (1644-1737) ಮೊದಲು ಮಾಡಿದ್ದು ಭಾರೀ ಗಾತ್ರದ ಚೆಲ್ಲೊಗಳನ್ನು. 1707ರ ಸುಮಾರಿಗೆ ಅವನೇ ಚಿಕ್ಕ ಅಳತೆಗೆ ಇಳಿದ. ಹಳೆಯ ದೊಡ್ಡ ಚೆಲ್ಲೊಗಳಲ್ಲಿ ಅನೇಕವನ್ನು ಆಮೇಲಿನವರು ಗರಗಸ ಹಾಕಿ ಚಿಕ್ಕದು ಮಾಡಿದರು. ಇಂದು ವಾದ್ಯವನ್ನು ನೆಲದ ಮೇಲೆ ನಿಲ್ಲಿಸುವ ಕಬ್ಬಿಣದ ಸಲಾಕೆ ಬಳಕೆಗೆ ಬಂದದ್ದು 19ನೇ ಶತಮಾನದಲ್ಲಿ. ಅಲ್ಲಿಯವರೆಗೆ ಮೀನಖಂಡಗಳ ನಡುವೆ ಅವುಚಿ ಹಿಡಿಯುತ್ತಿದ್ದರು. ಐದು ತಂತಿ ಹೊಸದೇ? ಬಾಖ್ ಚೆಲ್ಲೊಗೆ ಬರೆದ ಆರು ಪ್ರಸಿದ್ಧ ಸೂಟ್‌ಗಳಲ್ಲಿ ಕೊನೆಯದು ಐದು ತಂತಿಯ ವಾದ್ಯಕ್ಕೇ ಬರೆದದ್ದು. ಇನ್ನು ತರಬ್ ತಂತಿ. ಚೆಲ್ಲೊದಷ್ಟೇ ಎತ್ತರದ, ಒಳತಂತಿಗಳಿದ್ದ ಬ್ಯಾರಿಟನ್ ಎಂಬ ವಾದ್ಯ 18ನೇ ಶತಮಾನದಲ್ಲಿ ಅಲ್ಲೂ ಇತ್ತು. ಎಸ್ಟರ್‌ಹಾಜಿ ರಾಜಕುಮಾರನಿಗೆ ಅದರ ಗೀಳು. ಅವನ ಆಸ್ಥಾನದಲ್ಲಿದ್ದ ಹೈಡನ್ ದಣಿಯ ಮನ ತಣಿಸಲು ಅದಕ್ಕಾಗಿ ನೂರಕ್ಕೂ ಹೆಚ್ಚು ರಚನೆ ಮಾಡಬೇಕಾಯಿತು. ರಾಜಕುಮಾರನ ಗೀಳು ಇಳಿದ ಮೇಲೆ ವಾದ್ಯವೂ ಮೂಲೆ ಸೇರಿತು. ಯುರೋಪು ಬಿಟ್ಟುಬಿಟ್ಟದ್ದನ್ನು ಸಾಸ್ಕಿಯಾ ಭಾರತದ ಅಗತ್ಯಕ್ಕಾಗಿ ಮತ್ತೆ ಎತ್ತಿಕೊಂಡರು ಎನ್ನಬಹುದು.

ಕರ್ನಾಟಕಕ್ಕೆ ಇಂಥ ಸಾಹಸ ಹೊಸದಲ್ಲ. ತಿರುಮಕೂಡಲು ನರಸೀಪುರದ ಟಿ. ಚೌಡಯ್ಯನವರು (1895-1967) ಪಿಟೀಲಿಗೆ ಮೂರು ತಂತಿ ಹೆಚ್ಚಿಗೆ ಕಟ್ಟಿ ಏಳು ಮಾಡಿದರು. ಮೈಕಿಲ್ಲದ ಕಾಲ, ತುಂಬಿದ ಸಭೆ. ಕೊನೆಯ ಸಾಲಿಗೂ ನಾದ ಮುಟ್ಟಬೇಕಿತ್ತು. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದ ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು (1949-2019) ಅದನ್ನು ಗಮಕಕ್ಕೆ ಬಗ್ಗಿಸಲು ವರ್ಷಗಟ್ಟಲೆ ಹೆಣಗಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ಅದರಲ್ಲೇ ಕರ್ನಾಟಕ ಸಂಗೀತ ನುಡಿಸಿದರು. ನಮಗೆ ಇನ್ನೂ ಹತ್ತಿರದ ಉದಾಹರಣೆ ಶಿವರಾಮ ಕಾರಂತರದು. ಅವರು ತಮ್ಮ ಯಕ್ಷಗಾನ ಬ್ಯಾಲೆಗೆ ಪಿಟೀಲು, ಸ್ಯಾಕ್ಸೋಫೋನ್ ತಂದಾಗ ಎದ್ದ ಹುಯಿಲು ಹಿರಿಯರಿಗೆ ನೆನಪಿರಬೇಕು.

ಈ ಪ್ರಯತ್ನಗಳ ಗತಿ ಒಂದೇ ಬಗೆಯಾಗಿಲ್ಲ. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನ 1980ರಿಂದ ನಿಂತಿದೆ, ಆದರೆ ಒಳಗೆ ಕಛೇರಿಗೆ ಬರುವವರ ಪಿಟೀಲು ಸಾಮಾನ್ಯವಾಗಿ ನಾಲ್ಕು ತಂತಿಯದೇ. ಮೈಕು ಬಂದಮೇಲೆ ಏಳು ತಂತಿಯ ಅಗತ್ಯ ತೀರಿತು. ಸ್ಯಾಕ್ಸೋಫೋನಿಗಾದರೋ ಗೋಪಾಲನಾಥರ ಶಿಷ್ಯರಿದ್ದಾರೆ, ಕರಾವಳಿಯ ದೇವಸ್ಥಾನಗಳಲ್ಲೂ ಮದುವೆ ಮನೆಗಳಲ್ಲೂ ಅದು ನುಡಿಯುತ್ತಿದೆ. ಭಾರತೀಯ ಚೆಲ್ಲೊ ಯಾವ ದಾರಿ ಹಿಡಿಯುತ್ತದೋ ನೋಡಬೇಕು. ಅದರ ಕಷ್ಟ ಚೌಡಯ್ಯನವರ ಪಿಟೀಲಿಗಿಂತ ಹೆಚ್ಚಿನದು. ಮೂರು ತಂತಿ ಹೆಚ್ಚಿಸಲು ಮೈಸೂರಿನ ಬಡಗಿ ಸಾಕು. ಚೆಲ್ಲೊ ಮಾಡಲು ಯುರೋಪಿನ ಸ್ಪ್ರೂಸ್, ಮೇಪಲ್ ಮರ ಬೇಕು. ಹಲಗೆಗಳನ್ನು ಕೂಡಿಸುವುದು ಪ್ರಾಣಿಜನ್ಯ ಅಂಟಿನಿಂದ. ಬೇಕಾದಾಗ ಬಿಚ್ಚಿ ದುರಸ್ತಿ ಮಾಡಲೆಂದೇ ಹಾಗೆ ಅಂಟಿಸುತ್ತಾರೆ. ನಮ್ಮ ಜೂನ್-ಜುಲೈ ತಿಂಗಳ ತೇವಕ್ಕೆ ಅದು ಕೇಳದೆಯೇ ಬಿಚ್ಚಿಕೊಳ್ಳಬಹುದು! ಹಲಸಿನ ಮರದಲ್ಲಿ ವೀಣೆಯನ್ನೂ ಮೃದಂಗವನ್ನೂ ಕಡೆದ ನಾಡು ಇದು. ಚೆಲ್ಲೊವನ್ನು ನಮ್ಮ ಮರದಲ್ಲಿ ಮಾಡಿ ನೋಡುವವರು ಹುಟ್ಟಿದರೆ ಆ ಮಾತು ಬೇರೆ.

ಫೌಲ್ಡ್ಸ್ ಭಾರತದ ಸಂಗೀತವನ್ನು ಪ್ರೀತಿಸಿದ, ಅದರಲ್ಲಿ ಅನುಮಾನವಿಲ್ಲ. ಆದರೆ ಇಲ್ಲಿನ ಸಾರಂಗಿಯವನು ತನ್ನ ಸ್ವರಲಿಪಿ ಕಲಿಯಲಿ, ಇಲ್ಲಿನ ಗಾಯಕ ತನಗೆ ಸರಿಬಾರದ ಪೆಟ್ಟಿಗೆಯನ್ನು ಬಿಡಲಿ ಎಂದ. ತನ್ನ ಚೆಲ್ಲೊವನ್ನು ಕೆಳಗಿಳಿಸಿ ಜಮಖಾನೆಯ ಮೇಲೆ ಕೂರುವ ಯೋಚನೆ ಅವನಿಗೆ ಬರಲಿಲ್ಲ. ಸುಮಾರು ಅರವತ್ತು ವರ್ಷಗಳ ಮೇಲೆ ಬಂದ ಸಾಸ್ಕಿಯಾ ಯಾರ ಕೈಯಿಂದಲೂ ಏನನ್ನೂ ಕಿತ್ತುಕೊಳ್ಳಲಿಲ್ಲ. ತಮ್ಮ ವಾದ್ಯವನ್ನೇ ಕುಗ್ಗಿಸಿದರು, ಕಾಲು ಮಡಚಿ ಕೂರುವುದನ್ನು ಕಲಿತರು.

ಇಷ್ಟು ಹೊತ್ತು ಹಾರ್ಮೋನಿಯಮ್ಮಿನ ಮೇಲೆ ದೂರು ಹೇಳಿ ಈಗ ಅದನ್ನೇ ಕೇಳಲು ಕೂರುವುದು ಸ್ವಲ್ಪ ಮುಜುಗರದ ಸಂಗತಿ; ಇರಲಿ. ಇನ್ನೇನು ತಂಬೂರಿಗಳು ಶ್ರುತಿಯಾಗುತ್ತವೆ. ಗಾಯಕರು ವಿಲಂಬಿತ ಖಯಾಲಿನಲ್ಲಿ ಗಾಂಧಾರದಿಂದ ಷಡ್ಜಕ್ಕೆ ನಿಧಾನವಾಗಿ ಜಾರುವಾಗ ಅವರ ಮುಖ ನೋಡಬೇಡಿ, ಪಕ್ಕದ ಹಾರ್ಮೋನಿಯಂ ವಾದಕರ ಬಲಗೈ ನೋಡಿ. ಪಳಗಿದ ಕೈಯಾದರೆ ಆ ಜಾಗ ಬಂದಾಗ ಕೀಲಿಗಳಿಂದ ಮೇಲೆದ್ದು ಗಾಳಿಯಲ್ಲೇ ನಿಲ್ಲುತ್ತದೆ. ಗಂಟಲು ಷಡ್ಜಕ್ಕೆ ಬಂದು ಸೇರಿದ ಮೇಲೆ, ಒಂದೇ ಒಂದು ಬೆರಳು ಮೆಲ್ಲಗೆ ಇಳಿಯುತ್ತದೆ.